ಪಡಸಾಲಿ ಮೀಮಾಂಸೆ: ಅಲ್ಪವೆಚ್ಚದ ಗೃಹಾಲಂಕಾರದಲ್ಲಿ ಇಂಗಳೇಶ್ವರ ಪಂಥ

ಗೃಹಾಲಂಕಾರ ಶಾಸ್ತ್ರದಲ್ಲಿ ಪಂಡಿತರು ಇದುವರೆಗೆ ಎರಡೇ ಪಂಥಗಳನ್ನು ಮಾನ್ಯ ಮಾಡಿದ್ದಾರೆ. ದುಡ್ಡಿದ್ದವರು ಮನೆಗೆ ಸಾಮಾನು ತುಂಬುವುದು ಒಂದು. ಇನ್ನೂ ಹೆಚ್ಚು ದುಡ್ಡಿದ್ದವರು ಅದನ್ನೆಲ್ಲ ಹೊರಗೆ ಹಾಕುವುದು ಇನ್ನೊಂದು. ದುಡ್ಡಿಲ್ಲದವರ ಪಂಥಕ್ಕೆ ಸೂತ್ರವೂ ಇಲ್ಲ, ಭಾಷ್ಯವೂ ಇಲ್ಲ. ಈ ಕೊರತೆ ನೀಗಿಸಲೆಂದು ಪ್ರಸ್ತುತ ಪ್ರಬಂಧವು ವಿಜಯಪುರ ಜಿಲ್ಲೆ ಬಸವನ ಬಾಗೇವಾಡಿ ತಾಲ್ಲೂಕಿನ ಇಂಗಳೇಶ್ವರವನ್ನು ಅಧ್ಯಯನದ ಕ್ಷೇತ್ರವಾಗಿ ಆರಿಸಿಕೊಂಡಿದೆ. ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರೆಂದು ಪರಂಪರೆ ನಂಬಿರುವ ಊರಿದು. ದೇಹವನ್ನೇ ದೇಗುಲ ಮಾಡಿ, ಕಂಬ ಕಲಶಗಳ ಬಾಬತ್ತಿಗೆ ಬಿಡಿಗಾಸನ್ನೂ ತೋರಿಸದ ಅಂದಾಜುಪಟ್ಟಿಯೊಂದು 12ನೇ ಶತಮಾನದಲ್ಲೇ ಈ ಸೀಮೆಯವರಿಂದ ಮಂಡನೆಯಾಯಿತು. ಅದಕ್ಕಿಂತ ಕಡಿಮೆ ದರದ ಟೆಂಡರು ಆಮೇಲೆ ಯಾರೂ ಹಾಕಿಲ್ಲ.

ಮೊದಲು ಪೂರ್ವಪಕ್ಷ. ಅಂದಕ್ಕೆ ಅನುದಾನ ಬೇಕು ಎಂಬುದು ಎದುರಾಳಿಗಳ ವಾದ. ಇದಕ್ಕೆ ಉತ್ತರ ಜಿಲ್ಲಾ ಕೇಂದ್ರದಲ್ಲೇ ನಿಂತಿದೆ. ಮುಹಮ್ಮದ್ ಆದಿಲ್ ಶಾಹನ ಗೋಳಗುಮ್ಮಟ 1656ರ ಹೊತ್ತಿಗೆ ಮುಗಿಯಿತು. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರು. ಇಷ್ಟು ಖರ್ಚು ಮಾಡಿದವನು ಒಳಗೆ ಏನಿಟ್ಟ? ಬೋಳು ಗೋಡೆ ಮತ್ತು ಸಮಾಧಿಗಳು. ಆ ಹಜಾರಕ್ಕೆ ಇರುವ ಮುಖ್ಯ ಆಭರಣ ಪ್ರತಿಧ್ವನಿ. ಅದರ ಕೂಗನ್ನೂ ಪ್ರವಾಸಿಗರೇ ಮನೆಯಿಂದ ತರಬೇಕು. ಅವನ ಮಗ ಎರಡನೇ ಅಲಿ ಆದಿಲ್ ಶಾಹ ಬಾರಾ ಕಮಾನು ಶುರು ಮಾಡಿ 1672ರಲ್ಲಿ ತೀರಿಕೊಂಡ. ಚಾವಣಿ ಏರಲೇ ಇಲ್ಲ. ಈಗ ಆ ಬರಿ ಕಮಾನುಗಳ ಕೆಳಗೆ ನಿಂತು ಜನ ಫೋಟೊ ತೆಗೆಸಿಕೊಳ್ಳುತ್ತಾರೆ. ಅರ್ಧಕ್ಕೆ ನಿಂತ ಕೆಲಸವನ್ನು ಶೈಲಿ ಎಂದು ಒಪ್ಪಿಸಲು ಹಣ ಬೇಕಿಲ್ಲ, ಮೂರೂವರೆ ಶತಮಾನದ ಸಮಾಧಾನವಿದ್ದರೆ ಸಾಕು.

ಇನ್ನು ಇಂಗಳೇಶ್ವರ ಪಂಥದ ಮೂಲ ಲಕ್ಷಣಗಳು. ಈ ಸೀಮೆಯ ಹಳೆಯ ಮಾಳಿಗೆ ಮನೆಯಲ್ಲಿ ಹೊಸ್ತಿಲು ದಾಟಿದರೆ ಮೊದಲು ದನ ಕಟ್ಟುವ ತಗ್ಗು, ಆಮೇಲೆ ಎತ್ತರದ ಪಡಸಾಲಿ. ಬೆಂಗಳೂರಿನ ವಾಸ್ತುಶಿಲ್ಪಿ ಇದೇ ಎತ್ತರ-ತಗ್ಗಿನ ನೆಲವನ್ನು ಬರೆದುಕೊಟ್ಟು ಪ್ರತ್ಯೇಕ ಶುಲ್ಕ ಹಾಕುತ್ತಾನೆ. ಆದರೆ ತಗ್ಗಿನ ಭಾಗದಲ್ಲಿ ಎಮ್ಮೆ ಕೊಡುವುದಿಲ್ಲ. ಗೋಡೆ ಮೊಳಕ್ಕಿಂತ ದಪ್ಪ. ದಪ್ಪವಿದ್ದುದರಿಂದಲೇ ಅದರಲ್ಲಿ ಮಾಡಗಳನ್ನು ಬಿಡಲು ಬಂತು. ದೀಪಕ್ಕೊಂದು ಮಾಡ, ದೇವರಿಗೊಂದು, ಅಜ್ಜನ ತಂಬಾಕಿನ ಚೀಲಕ್ಕೆ ಕೈಗೆಟಕುವಲ್ಲಿ ಮತ್ತೊಂದು. ಕಪಾಟು ಕೊಳ್ಳುವ ಬದಲು ಗೋಡೆಯನ್ನೇ ಅಷ್ಟು ಕಡಿಮೆ ಕಟ್ಟುವ ಈ ಉಪಾಯದಲ್ಲಿ ಕಪಾಟಿನ ಬೆಲೆ ಋಣಾತ್ಮಕವಾಗುತ್ತದೆ. ಸ್ವೀಡನ್ನಿನ ಐಕಿಯ ಕಂಪನಿಯ ಹೆಸರಾಂತ ಬಿಲ್ಲಿ ಕಪಾಟು ಬಂದದ್ದು 1979ರಲ್ಲಿ. ಅದನ್ನು ಮನೆಗೆ ತಂದು ತಾನೇ ಸ್ಕ್ರೂ ಬಿಗಿಯಬೇಕು. ಮಾಡಕ್ಕೆ ಸ್ಕ್ರೂ ಇಲ್ಲ. ಮನೆ ಬದಲಿಸುವಾಗ ಹೊತ್ತೊಯ್ಯುವ ಚಿಂತೆಯಂತೂ ಮೊದಲೇ ಇಲ್ಲ.

ಬಣ್ಣದ ವಿಚಾರ. ದಸರೆ ಹತ್ತಿರ ಬಂತೆಂದರೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಹಳ್ಳಕ್ಕೆ ಹೋಗುತ್ತವೆ, ಗೋಡೆಗೆ ಸುಣ್ಣ ಬರುತ್ತದೆ. ಸುಣ್ಣದಲ್ಲಿ ಚೂರು ನೀಲಿ ಬೆರೆಸುವುದು ಪಂಥದ ರಹಸ್ಯ ವಿದ್ಯೆ, ಕೆಳಗೆ ಕೆಮ್ಮಣ್ಣಿನ ಪಟ್ಟಿ ಎಳೆಯುವುದು ಬಹಿರಂಗ ವಿದ್ಯೆ. ರಸಾಯನಶಾಸ್ತ್ರದ ಪ್ರಕಾರ ಬಳಿದ ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲಾಗಿ ಗಟ್ಟಿಗೊಳ್ಳುತ್ತದೆ. ಅರ್ಥಾತ್ ಮನೆಮಂದಿ ಬಿಟ್ಟ ಉಸಿರನ್ನೇ ಉಂಡು ಗೋಡೆ ಬೆಳ್ಳಗಾಗುತ್ತದೆ. ಅತ್ತೆ ಸೊಸೆ ಹೆಚ್ಚು ಮಾತಾಡುವ ಮನೆಯ ಗೋಡೆ ಬೇಗ ಬೆಳ್ಳಗಾಗುತ್ತದೆಯೇ ಎಂಬ ಪ್ರಶ್ನೆಯನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ.

ನೆಲದ ವಿಷಯದಲ್ಲಿ ಇತಿಹಾಸಕಾರರು ದಾರಿ ತಪ್ಪಿಸಿದ್ದಾರೆ. ತಾಳಿಕೋಟಿ ಎಂದರೆ ಅವರಿಗೆ 1565ರ ಯುದ್ಧ. ಗೃಹಾಲಂಕಾರದ ದೃಷ್ಟಿಯಲ್ಲಿ ಯುದ್ಧ ಗೌಣ. ಮುದ್ದೇಬಿಹಾಳ-ತಾಳಿಕೋಟಿ ಭಾಗದಲ್ಲಿ ಪದರು ಪದರಾಗಿ ಏಳುವ ಸುಣ್ಣಕಲ್ಲಿನ ಫರಸಿ ಮುಖ್ಯ. ಕಾಲಿಗೆ ತಂಪು, ಸೆಖೆಗಾಲದ ಮಧ್ಯಾಹ್ನ ಮಂಚವೂ ಅದೇ. ಇಂಡಿ ತಾಲ್ಲೂಕಿನ ಕೊಡುಗೆ ಬಾಗಿಲಿಗೆ ಸಂಬಂಧಿಸಿದ್ದು. ಬಾಗಿಲ ಮೇಲೆ ಮೆಣಸಿನಕಾಯಿಯ ಜೊತೆ ತೂಗುವ ಹಳದಿ ಗೋಲಕ್ಕೆ 2023ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಇಂಡಿ ನಿಂಬೆ ಕಟ್ಟಿದ ಮನೆಯ ಮೇಲೆ ಈಗ ಕಣ್ಣು ಹಾಕುವವರೂ ಪ್ರಮಾಣಪತ್ರ ನೋಡಿ ಹಾಕಬೇಕು. ಸಿಂದಗಿ ಕಡೆಯ ಬಿಳಿಜೋಳದ ತೆನೆಯ ಗೊಂಚಲು ತೊಲೆಗೆ ತೂಗಿದರೆ ತೋರಣವೂ ಆಯಿತು, ಗುಬ್ಬಿಗೆ ಊಟವೂ ಆಯಿತು.

ಶಿಲ್ಪಕಲೆಗೆ ಬಂದರೆ ಪಂಥ ಋತುಮಾನವನ್ನು ನಂಬಿದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಜೋಡೆತ್ತು ಮಾಡದಲ್ಲಿ ಕೂಡುತ್ತವೆ, ಆಷಾಢದ ಮಂಗಳವಾರಗಳಿಗೆ ಮಣ್ಣಿನ ಗುಳ್ಳವ್ವ ಬರುತ್ತಾಳೆ, ದೀಪಾವಳಿಗೆ ಸಗಣಿಯ ಪಾಂಡವರು ಹೊಸ್ತಿಲಲ್ಲಿ ಹೂ ಮುಡಿದು ನಿಲ್ಲುತ್ತಾರೆ. ಹಬ್ಬ ಮುಗಿದ ಮೇಲೆ ಎಲ್ಲರೂ ಬಂದ ಮಣ್ಣಿಗೇ ಹೋಗುವುದರಿಂದ ಧೂಳು ಒರೆಸುವ ಪ್ರಮೇಯವಿಲ್ಲ. ಸ್ಥಾಯಿ ಕಲೆ ಬೇಕಾದವರಿಗೆ ಊರ ವಚನ ಶಿಲಾಮಂಟಪವಿದೆ. ನಗರದವರು ಗೋಡೆಗೆ ಅಂಟಿಸುವ ಸುಭಾಷಿತದ ಸ್ಟಿಕ್ಕರು ಎರಡು ಮಳೆಗಾಲಕ್ಕೆ ಅಂಚು ಕೀಳುತ್ತದೆ. ಇಲ್ಲಿ ಮಾತನ್ನು ಕಲ್ಲಲ್ಲೇ ಕೊರೆದಿದ್ದಾರೆ.

ಇಷ್ಟಾದರೂ ಪಂಥದೊಳಗೆ ಒಂದು ಗಂಡಾಂತರವಿದೆ. ಅದನ್ನು ಕಂಡುಹಿಡಿದವನು ಫ್ರಾನ್ಸಿನ ತತ್ತ್ವಜ್ಞಾನಿ ದೆನಿ ದಿದರೋ. ಅವನಿಗೆ ಹೊಸ ಕೆಂಪು ನಿಲುವಂಗಿಯೊಂದು ಬಂತು. ಅದರ ಮುಂದೆ ಮನೆಯ ಹುಲ್ಲು ಹೆಣೆದ ಕುರ್ಚಿ ಹಳತಾಗಿ ಕಂಡಿತು, ಚರ್ಮದ ಕುರ್ಚಿ ತಂದ, ಆಮೇಲೆ ಮೇಜು, ಚಿತ್ರಪಟ. ಹಳೆಯ ಅಂಗಿಗಾಗಿ ಹಲುಬುತ್ತ 1769ರಲ್ಲಿ ಒಂದು ಪ್ರಬಂಧವನ್ನೇ ಬರೆದ. ಗ್ರಾಂಟ್ ಮೆಕ್‌ಕ್ರ್ಯಾಕನ್ ಎಂಬ ಮಾನವಶಾಸ್ತ್ರಜ್ಞ ಇದಕ್ಕೆ ದಿದರೋ ಪರಿಣಾಮ ಎಂದು ಹೆಸರಿಟ್ಟ. ಬಾಗೇವಾಡಿ ಸೀಮೆಯಲ್ಲಿ ಇದು ಸೋಫಾ ಸೆಟ್ಟಿನ ರೂಪದಲ್ಲಿ ಬರುತ್ತದೆ. ಮದುವೆಯಲ್ಲಿ ಬಂದ ಸೋಫಾ ಪಡಸಾಲಿಗೆ ಏರುತ್ತದೆ. ಫರಸಿ ಅದಕ್ಕೆ ಒಪ್ಪುವುದಿಲ್ಲ, ಟೈಲ್ಸ್ ಬರುತ್ತದೆ. ಟೈಲ್ಸಿಗೆ ಮಾಡ ಒಪ್ಪುವುದಿಲ್ಲ, ಸಿಮೆಂಟು ತುಂಬಿ ಮುಚ್ಚಿ ಪಕ್ಕದಲ್ಲಿ ಗಾಜಿನ ಶೋಕೇಸು ನಿಲ್ಲಿಸುತ್ತಾರೆ. ತೊಲೆ ಜಂತಿ ಇಳಿದು ಆರ್‌ಸಿಸಿ ಸ್ಲ್ಯಾಬು ಬೀಳುತ್ತದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಜಿಲ್ಲೆಯಿದು, ಸ್ಲ್ಯಾಬು ಹಂಚಿನಂತೆ ಕಾದು ಕೂಲರು ಬರುತ್ತದೆ, ಕೂಲರಿಗೆ ನೀರು ತುಂಬಲು ಕೊಡ ಹೊರಬೇಕಾಗುತ್ತದೆ. ಕೊನೆಗೆ ಸೋಫಾದ ಗತಿ? "ಆ ಪ್ಲಾಸ್ಟಿಕ್ ತಗೀಬ್ಯಾಡೋ ತಮ್ಮಾ, ಹೊಲಸ ಆಕ್ಕೈತಿ" ಎಂಬ ಅವ್ವನ ಆಜ್ಞೆಯಿಂದ ಅದು ಹೊದಿಕೆಯೊಳಗೇ ಉಳಿಯುತ್ತದೆ. ಬೀಗರು ಬಂದರೆ ಸೆಖೆ ತಾಳದೆ ಹೊರಗಿನ ಕಟ್ಟಿಯ ಮೇಲೆ ಕುಳಿತು ಚಹಾ ಕುಡಿಯುತ್ತಾರೆ.

ಹೀಗೆ ಇಂಗಳೇಶ್ವರದ ಪಡಸಾಲಿ ಬೆಂಗಳೂರಾಗುತ್ತಿರುವಾಗ ಬೆಂಗಳೂರಿನ ಪಡಸಾಲಿ ಕೌದಿ ಹುಡುಕುತ್ತಿದೆ. ಸವೆದ ಇಳಕಲ್ ಸೀರೆ, ಹರಿದ ಧೋತರ, ಮಗುವಿನ ಅಂಗಿಯ ತುಂಡುಗಳನ್ನು ಪದರವಾಗಿ ಹಾಸಿ ಸಾಲು ಸಾಲು ದಾರ ಓಡಿಸಿದ ಹೊದಿಕೆ ಅದು. ಜಪಾನಿನಲ್ಲಿ ಬಡ ರೈತರು ತೇಪೆ ಹಾಕಿ ಉಟ್ಟ ಬೊರೊ ಬಟ್ಟೆ ಇಂದು ಸಂಗ್ರಾಹಕರ ಸ್ವತ್ತಾಗಿದೆ. ಕೌದಿಯೂ ಅದೇ ದಾರಿ ಹಿಡಿದು ಈಗ ನಗರದ ಅಂಗಡಿಗಳಲ್ಲಿ ಕೈಮಗ್ಗದ ಪಕ್ಕ ಕೂತಿದೆ. ಪಂಥದ ಅಂತಿಮ ಸಿದ್ಧಾಂತ ಇಲ್ಲಿ ಹೊರಡುತ್ತದೆ: ತೇಪೆ ಹಾಕಿದವರ ಮನೆಯಲ್ಲಿದ್ದರೆ ಅದು ಬಡತನ, ಕೊಂಡವರ ಮನೆಯಲ್ಲಿದ್ದರೆ ಅಭಿರುಚಿ. ಎರಡರ ನಡುವಿನ ವ್ಯತ್ಯಾಸ ಬಿಲ್ಲಿನಲ್ಲಿ ಕಾಣುತ್ತದೆ, ಹೊಲಿದವಳ ಕೂಲಿಯಲ್ಲಿ ಕಾಣುವುದಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಹಳೇ ಬಟ್ಟೆಗೆ ಸ್ಟೀಲ್ ಡಬ್ಬಿ ಕೊಡುವವಳು ಈ ಸಲ ಓಣಿಗೆ ಬಂದಾಗ ಟ್ರಂಕಿನ ಸೀರೆಗಳನ್ನು ಅವಳಿಗೆ ಹಾಕಬೇಡಿ. ನಿಮ್ಮೂರಲ್ಲಿ ಕೌದಿ ಹೊಲಿಯುವ ಅಜ್ಜಿ ಇನ್ನೂ ಇದ್ದರೆ ಅವಳಿಗೆ ಕೊಡಿ, ಕೂಲಿ ಚೌಕಾಸಿ ಮಾಡಬೇಡಿ, ದಸರೆಗೆ ಮೊದಲೇ ಹೇಳಿಡಿ.