ಮೂರು ಜೊತೆ ಕಾಲುಚೀಲ

ಕಾರವಾರ ತಾಲೂಕಿನ ನಮ್ಮ ಕದ್ರಾದಲ್ಲಿ ಕಾಲುಚೀಲ ಹಾಕುವವರು ಯಾರ್‍ಯಾರು ಎಂದು ಎಣಿಸಲು ಒಂದು ಕೈ ಸಾಕು. ಶಾಲೆಗೆ ಹೋಗುವ ಮಕ್ಕಳು, ಮದುವೆಯ ದಿನದ ಮದುಮಗ, ಡ್ಯಾಮಿನಲ್ಲೋ ಕೈಗಾ ಅಣುಸ್ಥಾವರದಲ್ಲೋ ಸೇಫ್ಟಿ ಶೂ ತೊಡಲೇಬೇಕಾದ ನೌಕರರು. ಉಳಿದವರದೆಲ್ಲ ಹವಾಯಿ ಚಪ್ಪಲಿಯ ಸಂಸಾರ. ಅರ್ಧ ವರ್ಷ ಮಳೆ, ಅರ್ಧ ವರ್ಷ ಬೆವರು ಇರುವ ಊರಲ್ಲಿ ಪಾದವನ್ನು ಚೀಲದೊಳಗೆ ಕಟ್ಟಿಡುವುದೆಂದರೆ ಒಣಮೀನನ್ನು ಒದ್ದೆ ಗೋಣಿಯಲ್ಲಿ ಇಟ್ಟ ಹಾಗೆ. ಸಂಜೆ ಬಿಚ್ಚಿದಾಗ ಅಕ್ಕಪಕ್ಕದ ಮನೆಯವರಿಗೂ ಗೊತ್ತಾಗುತ್ತದೆ.

ಶಾಲೆಯ ಕಾಲದಲ್ಲಿ ನನಗಿದ್ದದ್ದು ಒಂದೇ ಜೊತೆ. ಮೊದಲ ಒಗೆತಕ್ಕೇ ಅದರ ಇಲಾಸ್ಟಿಕ್ ಪ್ರಾಣ ಬಿಟ್ಟಿತ್ತು. ಸೈಕಲ್ಲಿನ ಹಳೆ ಟ್ಯೂಬನ್ನು ಬಳೆಯಂತೆ ಕತ್ತರಿಸಿ ಮೊಣಕಾಲ ಕೆಳಗೆ ಬಿಗಿದುಕೊಳ್ಳುತ್ತಿದ್ದೆವು. ರಾತ್ರಿ ಮಲಗುವಾಗಲೂ ಆ ಬಳೆಯ ಗುರುತು ಕಾಲಿನ ಮೇಲೆ ಇರುತ್ತಿತ್ತು. ಕಾಲುಚೀಲ ಎಂದರೆ ಬಿಗಿಯಾಗಿರಬೇಕು, ಇಲ್ಲದಿದ್ದರೆ ಮಾನ ಹೋಗುತ್ತದೆ ಎನ್ನುವ ತತ್ತ್ವಜ್ಞಾನ ನನಗೆ ಅಂಟಿದ್ದು ಅಲ್ಲಿಂದ.

ಅದನ್ನು ಇನ್ನಷ್ಟು ಗಟ್ಟಿ ಮಾಡಿದ್ದು ಉಂಬಳ, ಅಂದರೆ ಕಾಡಿನ ಜಿಗಣೆ. ಜೂನ್ ತಿಂಗಳಲ್ಲಿ ನಮ್ಮ ಕಡೆಯ ಕಾಡಿಗೋ ತೋಟಕ್ಕೋ ಕಾಲಿಟ್ಟು ನೋಡಿ. ಒಣಗಿದ ಎಲೆಯ ತುದಿಯಲ್ಲಿ ಎದ್ದು ನಿಂತು, ಬಾಡಿಗೆ ಮನೆ ಹುಡುಕುವವರಂತೆ ಆಚೆ ಈಚೆ ಕತ್ತು ಆಡಿಸುತ್ತಿರುತ್ತವೆ. ಅವುಗಳ ಉಪದ್ರವ ತಾಳಲಾರದೆ ಚಾರಣದ ಹುಡುಗರು ಹಾಕುವಂಥ ಉಂಬಳದ ಕಾಲುಚೀಲವನ್ನು ನಾನೂ ಒಂದು ಜೊತೆ ತರಿಸಿಕೊಂಡೆ. ಅದು ಹೆಣೆದದ್ದಲ್ಲ, ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಹೊಲಿದ ಪುಟ್ಟ ಚೀಲ. ಎಳೆದರೆ ಹಿಗ್ಗುವುದಿಲ್ಲ. ಮೊಣಕಾಲಿನವರೆಗೆ ಏರಿಸಿ ದಾರದಿಂದ ಕಟ್ಟಬೇಕು. ಕೂದಲೆಳೆಯಷ್ಟು ಸಂದಿ ಸಿಕ್ಕರೆ ಸಾಕು ನುಸುಳುವ ಪ್ರಾಣಿಗೆ ಈ ಬಟ್ಟೆಯ ಮುಂದೆ ಆಟ ನಡೆಯುವುದಿಲ್ಲ. ನನ್ನ ಸ್ಥಿರ ಚರ ಆಸ್ತಿಯಲ್ಲಿ ನಾನು ಪೂರ್ತಿ ನಂಬಿದ ಏಕೈಕ ವಸ್ತು ಅದು.

ಹೀಗಿರುವಾಗ ಹೋದ ಫೆಬ್ರುವರಿಯಲ್ಲಿ ಮಗಳು, ಅಳಿಯ ನಮ್ಮಿಬ್ಬರನ್ನು ಕಾಶ್ಮೀರದ ಗುಲ್ಮಾರ್ಗ್‌ಗೆ ಹೊರಡಿಸಿದರು. ಅಳಿಯನಿಗೆ ಸ್ನೋಬೋರ್ಡಿಂಗ್ ಹುಚ್ಚು. "ಮಾವ, ನೀವೂ ಒಂದು ಕೈ ನೋಡಿ" ಎಂದ. ಅದರಲ್ಲಿ ನೋಡಬೇಕಾದದ್ದು ಕೈಯಲ್ಲ, ಕಾಲು ಎಂದು ಆಗ ಹೊಳೆಯಲಿಲ್ಲ. ನಮ್ಮ ಡ್ಯಾಮಿನ ನೀರು ತುಂಬಿ ತುಳುಕಿದರೂ ಸಮುದ್ರಮಟ್ಟಕ್ಕಿಂತ 34.50 ಮೀಟರ್ ಎತ್ತರ. ಗುಲ್ಮಾರ್ಗ್ ಸುಮಾರು 2,650 ಮೀಟರ್. ಇಷ್ಟು ಮೇಲೆ ಹೋಗುವವನು ತಯಾರಿಯಿಲ್ಲದೆ ಹೋಗುವುದುಂಟೇ? ಕಾರವಾರದ ಭಾನುವಾರದ ಸಂತೆಗೆ ಹೋಗಿ, ದಪ್ಪ ಹತ್ತಿಯ ಕಾಲುಚೀಲ ಮೂರು ಜೊತೆಯನ್ನು ನೂರು ರೂಪಾಯಿಗೆ ತಂದೆ. ಅಳತೆ ಕೇಳಿದ್ದಕ್ಕೆ ಮಾರುವವನು "ಫ್ರೀ ಸೈಜ್ ಸಾರ್, ಮೊಮ್ಮಗನಿಗೂ ಬರ್ತದೆ" ಎಂದ. ಮೊಮ್ಮಗನಿಗೂ ಬರುವಂಥದ್ದು ನನಗೆ ಹೇಗೆ ಬರುತ್ತದೆ ಎಂದು ಕೇಳಬೇಕಿತ್ತು. ಅಗ್ಗದ ಸಾಮಾನಿನ ಮುಂದೆ ನನ್ನ ಬುದ್ಧಿ ಮೊದಲಿನಿಂದಲೂ ರಜೆಯ ಮೇಲಿರುತ್ತದೆ.

ಗುಲ್ಮಾರ್ಗ್‌ನ ಬಾಡಿಗೆ ಅಂಗಡಿಗೆ ಹೋಗುವ ಮೊದಲೇ ಹೋಟೆಲ್ ಕೋಣೆಯ ಬಾಗಿಲು ಹಾಕಿಕೊಂಡು ಸಿದ್ಧನಾದೆ. ಒಳಗೆ ಉಂಬಳದ ಚೀಲ, ದಾರ ಬಿಗಿದು. ಅದರ ಮೇಲೆ ಸಂತೆಯದು ಒಂದು. ಅದರ ಮೇಲೆ ಇನ್ನೊಂದು. ಥರ್ಮಲ್ ಪ್ಯಾಂಟಿನ ಅಂಚನ್ನೂ ಅದರೊಳಗೇ ತುರುಕಿದೆ. ಹೆಂಡತಿ ನೋಡಿ, "ಏನ್ರೀ ಇದು, ಕಾಲೋ ಹಲಸಿನಕಾಯಿಯೋ?" ಎಂದಳು. ದಾರ್ಶನಿಕರನ್ನು ಮನೆಯವರು ಅರ್ಥ ಮಾಡಿಕೊಂಡದ್ದು ಯಾವಾಗ?

ನನ್ನದು ಎಂಟನೆಯ ನಂಬರಿನ ಕಾಲು. ಈ ಸಜ್ಜಿಗೆ ಒಂಬತ್ತರ ಬೂಟೂ ಹತ್ತಲಿಲ್ಲ, ಹತ್ತು ಕೊಟ್ಟರು. ಅಳಿಯ ಆ ಹೊತ್ತಿಗೆ ಟಿಕೆಟ್ ಸಾಲಿನಲ್ಲಿದ್ದ. ಹಿಮಕ್ಕೆ ಇಳಿದು ಕಾಲು ಗಂಟೆಯೂ ಆಗಿಲ್ಲ, ಹೆಬ್ಬೆರಳು ಇದೆಯೋ ಇಲ್ಲವೋ ತಿಳಿಯದಾಯಿತು. ಬೂಟಿನೊಳಗೆ ಬೆರಳು ಆಡಿಸಿದೆನೆಂದು ನನ್ನ ನಂಬಿಕೆ, ಬೆರಳುಗಳಿಂದ ಉತ್ತರವಿಲ್ಲ. ಹಿಮ ಕಡಿದು ಬೆರಳು ಕಳೆದುಕೊಂಡವರ ಕತೆಗಳೆಲ್ಲ ಒಟ್ಟಿಗೆ ನೆನಪಾಗಿ, ಕುಂಟುತ್ತ ಅಂಗಡಿಗೆ ವಾಪಸು ಬಂದೆ.

ಅಂಗಡಿಯ ಅಜ್ಜ ಫೆರನ್ ನಿಲುವಂಗಿ ತೊಟ್ಟು, ಒಳಗೆ ಕಾಂಗ್ಡಿ ಎನ್ನುವ ಕೆಂಡದ ಬುಟ್ಟಿ ಹಿಡಿದು ಕುಳಿತಿದ್ದ. ನನ್ನ ಬೂಟು ಎಳೆದ. ಮೊದಲ ಕಾಲುಚೀಲ ಎಳೆದ. ಕೆಳಗೆ ಇನ್ನೊಂದು ಕಂಡಿತು, ಹುಬ್ಬು ಏರಿಸಿದ. ಅದನ್ನೂ ಎಳೆದ. ಅದರಡಿ ದಾರ ಕಟ್ಟಿದ ಖಾಕಿ ಬಟ್ಟೆ ಕಂಡಾಗ ಅವನ ಕೈ ನಿಂತಿತು. ಅಂಗಡಿಯ ಹುಡುಗರನ್ನೂ ಕರೆದ. "ಯೇ ಕ್ಯಾ ಹೈ, ಅಂಕಲ್‌ಜೀ?" "ಜೋಂಕ್‌ಗೆ" ಎಂದೆ. ಹಿಮದ ಮೇಲೆ ಜಿಗಣೆ! ಆ ಅಂಗಡಿಯಲ್ಲಿ ಎಷ್ಟೋ ಹೊತ್ತು ಯಾರೂ ಬಾಡಿಗೆ ವ್ಯವಹಾರ ಮಾಡಲಿಲ್ಲ. ನನ್ನ ಮೀನಖಂಡದ ಮೇಲೆ ಪ್ಯಾಂಟಿನ ಅಂಚಿನ ಗೆರೆ, ದಾರದ ಗೆರೆ, ಬಟ್ಟೆ ಮಡಿಕೆಯ ಗೆರೆ ಎಲ್ಲ ಸೇರಿ ಶ್ಯಾವಿಗೆ ಒತ್ತಿದಂತೆ ಮೂಡಿದ್ದವು.

ನಗು ಮುಗಿದ ಮೇಲೆ ಅಜ್ಜ ಒಂದೇ ಬೆರಳು ಎತ್ತಿ ತೋರಿಸಿದ. "ಏಕ್. ಬಸ್." ಅಷ್ಟರಲ್ಲಿ ಬಂದ ಅಳಿಯ ಭಾಷ್ಯ ಬರೆದ: "ಮಾವ, ಬೂಟಿನ ಒಳಗಿನ ಮೆತ್ತೆಯೇ ಬೆಚ್ಚಗಿಡುತ್ತದೆ. ಬಿಗಿದರೆ ರಕ್ತ ಓಡುವುದಿಲ್ಲ, ಒಳಗೆ ಗಾಳಿ ನಿಲ್ಲುವುದಿಲ್ಲ, ಹಾಗಾಗಿ ಇನ್ನೂ ತಣ್ಣಗಾಗುತ್ತದೆ. ಹತ್ತಿಯಂತೂ ಬೆವರು ಕುಡಿದು ಒದ್ದೆಯಾಗಿಯೇ ಇರುತ್ತದೆ."

ಅವನ ಭಾಷ್ಯಕ್ಕಿಂತ ಬೇಗ ನನಗೆ ಅರ್ಥ ಮಾಡಿಸಿದ್ದು ಕಾಳಿ ನದಿಯ ನಮ್ಮ ಡ್ಯಾಮು. ಮಳೆಗಾಲದಲ್ಲಿ ಅದನ್ನು ಅಂಚಿನವರೆಗೆ ತುಂಬಿಸುವುದಿಲ್ಲ. ಮೇಲಿನ ಕೊಡಸಳ್ಳಿ ಡ್ಯಾಮಿನಿಂದ ಯಾವ ಹೊತ್ತಿಗೆ ಎಷ್ಟು ಕಾಳಿ ಬಂದಾಳೋ ಎಂದು ಒಂದಿಷ್ಟು ಖಾಲಿ ಇಟ್ಟುಕೊಂಡಿರುತ್ತಾರೆ. 2019ರ ಆಗಸ್ಟ್ ನೆರೆ ಕಂಡವರಿಗೆ ಆ ಖಾಲಿಯ ಬೆಲೆ ಹೇಳಿಕೊಡಬೇಕಿಲ್ಲ. ನಾನಾದರೋ ಬೂಟನ್ನು ಒಳಹರಿವಿಗೆ ಜಾಗವಿಲ್ಲದಂತೆ ಮೊದಲೇ ತುಂಬಿಸಿಟ್ಟಿದ್ದೆ.

ಕೊನೆಗೆ ಮೆರಿನೋ ಉಣ್ಣೆಯ ಒಂದು ಜೊತೆ ಕೊಂಡೆವು. ಬೆಲೆ ಹೇಳುವುದಿಲ್ಲ, ಹೆಂಡತಿಗೆ ಇನ್ನೂ ಗೊತ್ತಿಲ್ಲ. ತೆಳು, ಕಣಕಾಲು ಮತ್ತು ಹಿಮ್ಮಡಿಯ ಹತ್ತಿರ ಮಾತ್ರ ಒಂದಿಷ್ಟು ಮೆತ್ತೆ. ಬೆರಳ ಮೇಲಿನ ಹೊಲಿಗೆ ಕೈಗೆ ಸಿಗದಷ್ಟು ಸಪಾಟು. ಎಡಗಾಲಿಗೆ, ಬಲಗಾಲಿಗೆ ಬೇರೆ ಬೇರೆ ಅಕ್ಷರ. ಅರವತ್ತೆರಡು ವರ್ಷ ನನ್ನ ಎರಡೂ ಕಾಲು ಒಂದೇ ಆಕಾರದ್ದೆಂದು ನಂಬಿ ಬಾಳಿದ್ದೆ. ಹಿಮ್ಮಡಿಯ ಗುಳಿ ಹಿಮ್ಮಡಿಗೇ ಕೂರಬೇಕು, ಒಂದೂ ಸುಕ್ಕು ಇರಬಾರದು, ಅಂಚು ಬೂಟಿಗಿಂತ ಮೇಲೆ ಬರಬೇಕು, ಪ್ಯಾಂಟಿನ ಅಂಚು ಅದರ ಹೊರಗೇ ಉಳಿಯಬೇಕು. ಅಜ್ಜ ಅಂಗೈಯಿಂದ ನನ್ನ ಕಾಲು ಸವರಿ ಸವರಿ ಸುಕ್ಕು ತೆಗೆದ, ದೋಸೆ ಕಾವಲಿಗೆ ಎಣ್ಣೆ ಸವರುವಷ್ಟು ಶ್ರದ್ಧೆಯಿಂದ. ಈಗ ಎಂಟರ ಬೂಟೇ ಹಿಡಿಯಿತು. ನೆಟ್ಟಗೆ ನಿಂತರೆ ಬೆರಳು ತುದಿಗೆ ತಾಗಿಯೂ ತಾಗದಂತೆ. ಮೊಣಕಾಲು ಬಗ್ಗಿಸಿದರೆ ಪಾದ ಕೊಂಚ ಹಿಂದೆ ಸರಿದು ಹಿಮ್ಮಡಿ ಕಚ್ಚಿ ಕೂತಿತು. ಹತ್ತು ನಿಮಿಷದಲ್ಲಿ ಬೆರಳುಗಳು ಒಬ್ಬೊಬ್ಬರಾಗಿ ಊರಿಗೆ ಮರಳಿದವು.

ಸ್ನೋಬೋರ್ಡಿಂಗ್ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿಯುತ್ತಾರೆ, ಸಂತೆಗೆ ಒಯ್ಯುವ ಕೋಳಿಯ ಹಾಗೆ. ನಾನು ಹನ್ನೊಂದು ಸಲ ಬಿದ್ದೆ ಎಂದು ಮಗಳು ಹೇಳುತ್ತಾಳೆ, ನನ್ನ ಲೆಕ್ಕದಲ್ಲಿ ಒಂದೇ ಸಲ. ನಡುವೆ ಪೂರ್ತಿ ಎದ್ದದ್ದೇ ಇಲ್ಲ. ಆದರೆ ಕಾಲು ಬೆಚ್ಚಗಿತ್ತು.

ಊರಿಗೆ ಬಂದ ಮೇಲೆ ಎಲ್ಲರೆದುರು ಆ ಕಾಲುಚೀಲದ ಗುಣಗಾನ ನಡೆಸಿದೆ. ಜೂನ್ ಬಂತು. ಹಳೆಯ ಉಂಬಳದ ಚೀಲ ಯಾವ ಮೂಲೆಯಲ್ಲಿತ್ತೋ ಸಿಗಲಿಲ್ಲ. ಇಷ್ಟು ಬೆಲೆಯದು ಇರುವಾಗ ಅದೇಕೆ ಎಂದು ಮೆರಿನೋ ಏರಿಸಿ ತೋಟಕ್ಕೆ ಇಳಿದೆ. ಉಂಬಳಗಳು ಆ ಉಣ್ಣೆಯ ಹೆಣಿಗೆಯ ಸಂದಿಗಳಲ್ಲಿ ಟಿಕೆಟ್ ಕೊಂಡವರಂತೆ ಸಾಲಾಗಿ ಒಳಗೆ ಹೋಗಿದ್ದವು. ಜಗಲಿಯ ಮೇಲೆ ಕುಳಿತು ಬಿಚ್ಚಿದಾಗ ಎಡಗಾಲಿನಲ್ಲಿ ಏಳು, ಬಲಗಾಲಿನಲ್ಲಿ ಒಂಬತ್ತು.

ಹೆಂಡತಿ ಉಪ್ಪಿನ ಭರಣಿ ತಂದು ಪಕ್ಕದಲ್ಲಿಟ್ಟಳು. "ಮೂರು ಜೊತೆ ಹಾಕ್ಕೊಂಡು ಹೋಗ್ಬೇಕಿತ್ತು ನೋಡ್ರಿ" ಎಂದಳು.