ಬೆಂಗಳೂರು–ಮೈಸೂರು ವ್ಯೋಮಾಂತರ ಮೀಮಾಂಸೆ

ಶಾಸ್ತ್ರಾರಂಭದಲ್ಲಿ ಅಧಿಕಾರಿ, ವಿಷಯ, ಪ್ರಯೋಜನಗಳನ್ನು ಹೇಳಬೇಕೆಂಬುದು ರೂಢಿ. ಬೆಂಗಳೂರಿನಲ್ಲಿ ಮನೆ, ಮೈಸೂರಿನಲ್ಲಿ ಬೀಗರು, ಮೊಬೈಲಿನಲ್ಲಿ ಆಫರ್ ಟಿಕೆಟ್ಟು ಇರುವವನೇ ಇದಕ್ಕೆ ಅಧಿಕಾರಿ. ವಿಷಯ: ಎರಡೂರುಗಳ ನಡುವಿನ ಆಕಾಶ. ಪ್ರಯೋಜನ: ಇಲ್ಲ.

ಪೂರ್ವಪಕ್ಷ ಹೀಗಿದೆ: ವಿಮಾನ ನೇರ ಹಾರುತ್ತದೆ, ನೆಲದ ದಾರಿ ಡೊಂಕು, ಆದ್ದರಿಂದ ಆಕಾಶಮಾರ್ಗವೇ ಹತ್ತಿರ.

ಖಂಡನೆ. ನೇರ ಸರಿ, ಎಲ್ಲಿಂದ ನೇರ? ಮೈಸೂರು ಇರುವುದು ಬೆಂಗಳೂರಿನ ನೈಋತ್ಯಕ್ಕೆ. 2008ರಿಂದ ನಾವು ವಿಮಾನ ಹತ್ತುತ್ತಿರುವುದು ಉತ್ತರದ ದೇವನಹಳ್ಳಿಯಲ್ಲಿ. ಮೆಜೆಸ್ಟಿಕ್ಕಿನಿಂದ ಮೈಸೂರಿನ ಮಂಡಕಳ್ಳಿ ನಿಲ್ದಾಣಕ್ಕೆ ಕಾಗೆ ಹಾರಿದರೆ ಸುಮಾರು 130 ಕಿ.ಮೀ. ಅದೇ ಕಾಗೆ ಸೆಕ್ಯೂರಿಟಿ ಚೆಕ್ ಮುಗಿಸಿಕೊಂಡು ದೇವನಹಳ್ಳಿಯಿಂದ ಹಾರಿದರೆ ಸುಮಾರು 155. ರೈಲಾದರೋ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನೆಲ್ಲ ಮಾತಾಡಿಸಿಕೊಂಡು ಹೋದರೂ 140ರೊಳಗೇ ಮೈಸೂರು ಮುಟ್ಟುತ್ತದೆ. ಹೀಗೆ ಡೊಂಕಿಗಿಂತ ನೇರವೇ ಉದ್ದವೆಂದು ಸಿದ್ಧವಾಯಿತು. ಯೂಕ್ಲಿಡ್ ದೇವನಹಳ್ಳಿ ಟೋಲ್ ದಾಟಿದವನಲ್ಲ; ಅವನನ್ನು ಕ್ಷಮಿಸೋಣ.

ಇನ್ನು ಕಾಲಪ್ರಕರಣ. ಇಂಥ ಚಿಕ್ಕ ಹಾದಿಗೆ ಬಿಡುವುದು ಎಟಿಆರ್ 72ರಂಥ ಪಂಖದ ವಿಮಾನ. ವೇಗ ಗಂಟೆಗೆ ಸುಮಾರು 500 ಕಿ.ಮೀ. ತ್ರೈರಾಶಿಕ ಬಲ್ಲ ಯಾವ ಮಗುವೂ 19 ನಿಮಿಷ ಎಂದೀತು. ವೇಳಾಪಟ್ಟಿ ಮಾತ್ರ ಹೆಚ್ಚುಕಡಿಮೆ ಒಂದು ಗಂಟೆ ಎನ್ನುತ್ತದೆ. ಮಿಕ್ಕ ನಿಮಿಷಗಳನ್ನು ತಿಂದವರು ಯಾರು? ವೈಮಾನಿಕರು ಕಾಲವನ್ನು ಗಗನದಲ್ಲಿ ಎಣಿಸುವುದಿಲ್ಲ, ಚಕ್ರದ ಬುಡದಲ್ಲಿ ಎಣಿಸುತ್ತಾರೆ. ಹೊರಡುವ ಮುನ್ನ ಒಬ್ಬಾತ ಬಗ್ಗಿ ಚಕ್ರಕ್ಕೆ ಒತ್ತುಕೊಟ್ಟ ಬೆಣೆ ಎಳೆಯುತ್ತಾನಲ್ಲ, ಆಗಿನಿಂದ ಅತ್ತ ಇನ್ನೊಬ್ಬಾತ ಬೆಣೆ ತುರುಕುವವರೆಗೆ ಇರುವುದೇ ಬ್ಲಾಕ್ ಟೈಮ್. ರನ್‌ವೇವರೆಗಿನ ತೆವಳಾಟ, ಮುಂದೆ ನಿಂತ ದೊಡ್ಡ ವಿಮಾನಗಳಿಗೆ ತೋರುವ ಮರ್ಯಾದೆ, ಇಳಿಯುವಾಗಿನ ಪ್ರದಕ್ಷಿಣೆ ಎಲ್ಲವೂ ಅದರೊಳಗೇ. ಏರಿ ಮುಗಿಯುವಷ್ಟರಲ್ಲಿ ಇಳಿಯುವ ಸಮಯ. ಮೋಡದ ಮೇಲೆ ಕೂತು ತತ್ತ್ವ ಯೋಚಿಸಲು ಅವಕಾಶವಿಲ್ಲ.

ಆಕ್ಷೇಪ: ಆದರೂ ಒಂದೇ ಗಂಟೆಯಲ್ಲವೆ? ಸಮಾಧಾನ: ಕೆಂಗೇರಿಯ ಗೃಹಸ್ಥನನ್ನು ದೃಷ್ಟಾಂತವಾಗಿ ಸ್ವೀಕರಿಸಿ. ಅವನ ಮನೆ ಇರುವುದೇ ಮೈಸೂರು ರಸ್ತೆಯಲ್ಲಿ. ಆ ಪುಣ್ಯಾತ್ಮ ಮೈಸೂರಿಗೆ ಬೆನ್ನು ತಿರುಗಿಸಿ, ಇಡೀ ಬೆಂಗಳೂರನ್ನು ಸೀಳಿಕೊಂಡು, ಹೆಬ್ಬಾಳದ ಮೇಲ್ಸೇತುವೆಯಲ್ಲಿ ಇಷ್ಟದೇವರನ್ನು ನೆನೆದು ದೇವನಹಳ್ಳಿ ಸೇರುತ್ತಾನೆ. ಅಷ್ಟರಲ್ಲಿ, 2023ರಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಹಿಡಿದ ಅವನ ಪಕ್ಕದ ಮನೆಯವನು ಮಂಡ್ಯ ದಾಟಿರುತ್ತಾನೆ. ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುವುದರಿಂದ ಇವನು ಇನ್ನೂ ಮುಂಚೆ ಹೋಗಿ ಬೆಲ್ಟು ಬಿಚ್ಚಿ, ಕಟ್ಟಿ, ದುಬಾರಿ ಕಾಫಿ ಕುಡಿದು ಕಾಯುತ್ತಾನೆ. ಹಾರಿ ಇಳಿದ ಮೇಲೂ ಮಂಡಕಳ್ಳಿಯಿಂದ ಊರೊಳಕ್ಕೆ ಟ್ಯಾಕ್ಸಿ. ಎಲ್ಲ ಕೂಡಿದರೆ ಐದು ಗಂಟೆ, ಮಳೆ ಬಾರದಿದ್ದರೆ. ಪಕ್ಕದ ಮನೆಯವನು ಬೀಗರ ಮನೆಯಲ್ಲಿ ಉಂಡು ಮಲಗಿದ್ದಾನೆ. ವಂದೇ ಭಾರತ್ ಹತ್ತಿದವನಿಗಂತೂ ಬೆಂಗಳೂರಿನಿಂದ ಎರಡೇ ಗಂಟೆ.

ಈ ಹಾದಿಯ ವಿಮಾನಗಳು ಆಗಾಗ ಶುರುವಾಗಿ ಆಗಾಗ ನಿಂತಿರುವುದೂ ನಮ್ಮ ವಾದಕ್ಕೆ ಪೋಷಕವೇ.

ಸಿದ್ಧಾಂತ: ದೆಹಲಿಯಿಂದಲೋ ದುಬೈನಿಂದಲೋ ಬಂದು ದೇವನಹಳ್ಳಿಯಲ್ಲೇ ವಿಮಾನ ಬದಲಿಸುವವರಿಗೆ ಈ ಹಾರಾಟ ಸಲ್ಲುತ್ತದೆ, ದೇವನಹಳ್ಳಿ ವಾಸಿಗಳಿಗೆ ವಿಕಲ್ಪ. ಉಳಿದ ಅಧಿಕಾರಿಗಳು ರೈಲು ಹಿಡಿಯತಕ್ಕದ್ದು. ಮದ್ದೂರು ವಡೆಗೆ ಚಿಲ್ಲರೆ ಜೇಬಿನಲ್ಲಿರಲಿ.