ಟರ್ಬೊ ಸಾಹೇಬರ ನಿಧಾನ

ಮಾನೇಸರಿನ ಹೆದ್ದಾರಿಯಲ್ಲಿ ಲಾರಿ ಹಿಂದಿಕ್ಕಲು ಆಕ್ಸಿಲರೇಟರ್ ತುಳಿದರೆ ನಮ್ಮ ಡೀಸೆಲ್ ಕಾರು ಮೊದಲು ಯೋಚಿಸುತ್ತದೆ, ಆಮೇಲೆ ಎದ್ದೆನೋ ಬಿದ್ದೆನೋ ಎಂದು ಓಡುತ್ತದೆ. ಕಾರು ಪರೀಕ್ಷಿಸುವ ಐಕ್ಯಾಟ್ ಸಂಸ್ಥೆ ಇರುವ ಊರಲ್ಲಿ ಸಲಹೆಗೆ ಬರವೇ? ‘ಟರ್ಬೊನೇ ಬದಲಾಯಿಸಿ’ ಎಂದರು ಪಕ್ಕದ ಫ್ಲಾಟಿನವರು, ದುಡ್ಡು ಅವರದ್ದಲ್ಲವಲ್ಲ!

ಟರ್ಬೊ ಎಂದರೆ ಎಂಜಿನ್ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೇ ಗಾಳಿ ಒತ್ತುವ ಯಂತ್ರ. ಆರ್‌ಪಿಎಂ 1500ರ ಕೆಳಗಿದ್ದರೆ ರಭಸ ಸಾಲದು, ತುಸು ತಡ ಸಹಜ. ಏಕಾಏಕಿ ಹೆಚ್ಚಿದರೆ ಮಾತ್ರ ಕಾಯಿಲೆ.

ಮೆಕ್ಯಾನಿಕ್ ಏರ್ ಫಿಲ್ಟರ್ ಕೊಡವಿದ. ಅರ್ಧ ಹರಿಯಾಣ ಉದುರಿತು. ಇಂಟರ್‌ಕೂಲರ್ ಪೈಪಿನ ಸಡಿಲ ಕ್ಲಾಂಪಿನ ಸುತ್ತ ಎಣ್ಣೆ ಜಿಡ್ಡು. ಗಾಳಿ ಸೋರುತ್ತಿದ್ದದ್ದೇ ಅಲ್ಲಿ. ಫಿಲ್ಟರ್ ಬದಲಾಯಿತು, ಕ್ಲಾಂಪ್ ಬಿಗಿಯಾಯಿತು, ಕಾರು ಚುರುಕಾಯಿತು.

‘ತೆಂಗಿನಕಾಯಿ ತುರಿಯಿರಿ ಅಂದಾಗ ನಿಮಗೂ ಇದೇ ಕಾಯಿಲೆ, ಅವನನ್ನೇ ಕರೆಸಲಾ?’ ಎಂದಳು ಹೆಂಡತಿ.